ಖಾಲಿ ಸಾಲುಗಳ ದೇವಶಾಸ್ತ್ರ

ವೇದಪುಸ್ತಕದ ಪುಟದಲ್ಲಿ ಪರಿಚ್ಛೇದವನ್ನು ಎಲ್ಲಿ ಮುಗಿಸಬೇಕೆಂಬ ನಿರ್ಣಯವೂ ವ್ಯಾಖ್ಯಾನದ ಒಂದು ಅಂಗವೆಂಬುದನ್ನು ನಮ್ಮ ಓದುಗರು ಬಲ್ಲರು. ಎಫೆಸ 5:21 ಹಿಂದಿನ ಉಪದೇಶದ ಮುಕ್ತಾಯವೋ, ಮುಂದೆ ಬರುವ ದಾಂಪತ್ಯದ ಉಪದೇಶಕ್ಕೆ ಪೀಠಿಕೆಯೋ ಎಂಬುದನ್ನು ಎಷ್ಟೋ ಓದುಗರ ಪಾಲಿಗೆ ಮುದ್ರಕನು ಬಿಟ್ಟ ಖಾಲಿ ಜಾಗವೇ ತೀರ್ಮಾನಿಸಿಬಿಡುತ್ತದೆ. ಆರಾಧನಾ ಸಂಗೀತದ ಸ್ವರಲಿಪಿಗೂ ಈ ಮಾತು ಸಲ್ಲುತ್ತದೆ. ವಾದ್ಯವೃಂದದ ಸ್ವರಲಿಪಿಯನ್ನು ಇಂದು ಗಣಕಯಂತ್ರದ ತಂತ್ರಾಂಶಗಳೇ ಜೋಡಿಸಿ ಮುದ್ರಣಕ್ಕೆ ಅಣಿಗೊಳಿಸುತ್ತಿವೆ. ಆ ಪುಟವು ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ಬಾಖ್‌ನ ‘ಮತ್ತಾಯನ ಪ್ಯಾಶನ್’ ಕೃತಿಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸೋಣ.

ಮತ್ತಾಯನ ಸುವಾರ್ತೆಯ 26 ಮತ್ತು 27ನೆಯ ಅಧ್ಯಾಯಗಳನ್ನು ಆಧರಿಸಿದ ಈ ಕೃತಿಯು ಲೈಪ್ಜಿಗ್ ನಗರದಲ್ಲಿ ಶುಭ ಶುಕ್ರವಾರದ ಆರಾಧನೆಗಾಗಿ ರಚಿತವಾಯಿತು. ಇದಕ್ಕೆ ಎರಡು ಗಾಯಕವೃಂದಗಳೂ ಎರಡು ವಾದ್ಯವೃಂದಗಳೂ ಬೇಕು. 1736ರ ಸುಮಾರಿಗೆ ಬಾಖ್ ಸ್ವಹಸ್ತದಿಂದ ಬರೆದ ಶುದ್ಧಪ್ರತಿ ಇಂದಿಗೂ ಬರ್ಲಿನ್ನಿನ ಗ್ರಂಥಾಲಯದಲ್ಲಿದೆ. ಅದರಲ್ಲಿ ಸುವಾರ್ತೆಯ ಮಾತುಗಳನ್ನು ಅವನು ಕೆಂಪು ಶಾಯಿಯಲ್ಲಿ ಬರೆದಿದ್ದಾನೆ. 1899ರಲ್ಲಿ ನ್ಯೂಯಾರ್ಕಿನ ಲೂಯಿ ಕ್ಲಾಪ್ಶ್ ಪ್ರಕಟಿಸಿದ ಕೆಂಪಕ್ಷರದ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಮಾತುಗಳು ಮಾತ್ರ ಕೆಂಪಾಗಿವೆ. ಬಾಖ್‌ನ ಕೆಂಪು ಅದಕ್ಕಿಂತ ವಿಶಾಲವಾದದ್ದು. ಕಥೆಯನ್ನು ನಿರೂಪಿಸುವ ಸುವಾರ್ತಿಕನ ಮಾತೂ ಅಲ್ಲಿ ಕೆಂಪೇ. ಕ್ರಿಸ್ತನ ನುಡಿಯನ್ನು ಸಾಕ್ಷಿಯ ನುಡಿಯಿಂದ ಬೇರ್ಪಡಿಸಲಾಗದೆಂಬ ನಂಬಿಕೆಯನ್ನು ಅವನು ಶಾಯಿಯ ಬಣ್ಣದಿಂದಲೇ ಅರಿಕೆಮಾಡಿದನೆಂದು ನಾವು ಓದುತ್ತೇವೆ. ಕಪ್ಪಿನಲ್ಲಷ್ಟೇ ಅಚ್ಚಾಗುವ ಸಾಮಾನ್ಯ ಪ್ರತಿಗಳಲ್ಲಿ ಈ ಅರಿಕೆ ಕಾಣಿಸುವುದಿಲ್ಲ.

ತಂತ್ರಾಂಶಗಳ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ಹಿಂದೆ ಕುಶಲಕರ್ಮಿಗಳು ಲೋಹದ ಹಲಗೆಯ ಮೇಲೆ ಒಂದೊಂದು ಚಿಹ್ನೆಯನ್ನೂ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಕೊರೆಯಬೇಕಿತ್ತು. 1988ರಲ್ಲಿ ಫಿನಾಲೆ, 1993ರಲ್ಲಿ ಸಿಬೇಲಿಯಸ್, 2016ರಲ್ಲಿ ಡೊರಿಕೊ ಬಂದವು. ಇಂಥ ತಂತ್ರಾಂಶಗಳಲ್ಲಿ ಪೂರ್ಣ ಸ್ವರಲಿಪಿಯ ಒಂದು ಸ್ವರವನ್ನು ತಿದ್ದಿದರೆ ಆಯಾ ವಾದ್ಯಗಾರನ ಬಿಡಿಪ್ರತಿಯಲ್ಲೂ ಅದು ತಾನಾಗಿ ತಿದ್ದಿಕೊಳ್ಳುತ್ತದೆ. ಬಣ್ಣವನ್ನು ಬಳಸುವ ಸೌಕರ್ಯವೂ ಇದೆ. ಆದುದರಿಂದ ನಮ್ಮ ಆಕ್ಷೇಪವು ಯಂತ್ರದ ಮೇಲಲ್ಲ. ಯಂತ್ರವು ಮುಂದಿಡುವ ಆಯ್ಕೆಯನ್ನು ಅರ್ಥವಿಚಾರವಿಲ್ಲದೆ ಅಂಗೀಕರಿಸುವ ಸಂಪಾದಕನ ಮೇಲೆ.

ಅಂಥ ಆಯ್ಕೆಗಳಲ್ಲಿ ಒಂದು, ಖಾಲಿ ಸಾಲುಗಳನ್ನು ಮರೆಮಾಡುವುದು. ಪೂರ್ಣ ಸ್ವರಲಿಪಿಯಲ್ಲಿ ಒಂದೊಂದು ವಾದ್ಯಕ್ಕೂ ಐದು ಗೆರೆಗಳ ಸಾಲೊಂದು ಮೀಸಲು. ವಾದ್ಯವು ನುಡಿಯದಿದ್ದಾಗ ಆ ಸಾಲಿನಲ್ಲಿ ವಿರಾಮಚಿಹ್ನೆಗಳು ಮಾತ್ರ ಇರುತ್ತವೆ. ಈ ಆಯ್ಕೆಯನ್ನು ಗುರುತುಮಾಡಿದರೆ ಅಂಥ ಸಾಲುಗಳು ಪುಟದಿಂದ ಮಾಯವಾಗುತ್ತವೆ. ಇದರಿಂದ ಕಾಗದ ಉಳಿಯುತ್ತದೆ, ಉಳಿದ ಸಾಲುಗಳನ್ನು ದೊಡ್ಡದಾಗಿ ಮುದ್ರಿಸಬಹುದು, ನಿರ್ದೇಶಕನ ಕಣ್ಣಿಗೂ ಹಿತ. ಹಿಂದಿನ ಲಿಪಿಕಾರರೂ ಕೆತ್ತನೆಗಾರರೂ ಇದನ್ನು ಮಾಡುತ್ತಿದ್ದರು. ಬಹುತೇಕ ಪುಟಗಳಲ್ಲಿ ಇದರಿಂದ ಯಾವ ಹಾನಿಯೂ ಇಲ್ಲ.

ಆದರೆ ಮತ್ತಾಯ 27:46ರ ಪುಟವನ್ನು ನೋಡಿರಿ. ಈ ಕೃತಿಯಲ್ಲಿ ಸುವಾರ್ತಿಕನು ನಿರೂಪಿಸುವಾಗ ಆರ್ಗನ್ ಮುಂತಾದ ಮಂದ್ರವಾದ್ಯಗಳ ಆಧಾರವಷ್ಟೇ ಇರುತ್ತದೆ. ಯೇಸು ಮಾತನಾಡಿದಾಗಲಾದರೋ ತಂತಿವಾದ್ಯಗಳು ಅವನ ದನಿಯನ್ನು ಪ್ರಭಾವಲಯದಂತೆ ಸುತ್ತುವರಿಯುತ್ತವೆ. ಕಡೆಯ ಭೋಜನದಲ್ಲಿ ಹೀಗೆಯೇ, ಗೆತ್ಸೇಮನೆಯಲ್ಲಿ ಹೀಗೆಯೇ. ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಾಗಿ ಅವನು ಕೂಗುವಾಗ ಮಾತ್ರ ತಂತಿಗಳು ನುಡಿಯುವುದಿಲ್ಲ. ಕೇಳುವವನಿಗೆ ಇದು ಒಡನೆ ತಿಳಿಯುತ್ತದೆ. ಓದುವವನಿಗೆ ತಿಳಿಸುವ ಹೊಣೆ ಪುಟದ್ದು.

ಸಾಲುಗಳನ್ನು ತೆಗೆದುಹಾಕಿದ ಪುಟದಲ್ಲಿಯೂ ಆ ಬರಿದು ಎದ್ದುಕಾಣುತ್ತದೆಂದು ಯಾರಾದರೂ ಹೇಳಬಹುದು. ಈ ವಾದದಲ್ಲಿ ಹುರುಳಿದೆ. ಹಿಂದಿನ ಪುಟಗಳಿಗೆ ಒಗ್ಗಿದ ಕಣ್ಣು ತಂತಿಗಳನ್ನು ಹುಡುಕಿ ಕಾಣದೆ ಬೆಚ್ಚುವುದು ಸಹಜ. ಆದರೆ ಎರಡು ಪುಟಗಳೂ ಹೇಳುವುದು ಒಂದೇ ಸಂಗತಿಯಲ್ಲ. ಸಾಲು ಇಲ್ಲದ ಪುಟವು ತಂತಿಗಳು ಇಲ್ಲವೆನ್ನುತ್ತದೆ. ವಿರಾಮಚಿಹ್ನೆಗಳನ್ನು ಹೊತ್ತ ಸಾಲು ಅವು ಇದ್ದೂ ಸುಮ್ಮನಿವೆಯೆನ್ನುತ್ತದೆ. ಆ ಕೂಗನ್ನು ಕುರಿತು ಸಭೆಯು ಕೇಳುತ್ತಾ ಬಂದ ಪ್ರಶ್ನೆಯೂ ಇದೇ ಅಲ್ಲವೇ? ತಂದೆಯು ಅಲ್ಲಿರಲಿಲ್ಲವೋ, ಅಥವಾ ಇದ್ದೂ ಮೌನವಾಗಿದ್ದನೋ? 1972ರಲ್ಲಿ ಮೋಲ್ಟ್‌ಮನ್ ಶಿಲುಬೆಗೇರಿಸಲ್ಪಟ್ಟ ದೇವರನ್ನು ಕುರಿತ ತನ್ನ ಗ್ರಂಥದಲ್ಲಿ ಈ ಕೂಗನ್ನೇ ದೇವಶಾಸ್ತ್ರದ ನಡುವಿಗೆ ತಂದಿರಿಸಿದನು. ಅಂಥ ಪ್ರಶ್ನೆಗೆ ಉತ್ತರವು ತಂತ್ರಾಂಶದ ಒಂದು ಸಣ್ಣ ಚೌಕದಲ್ಲಿ ಗುರುತು ಹಾಕುವುದರಿಂದ ದೊರೆತುಬಿಡಬಾರದು.

ವಾದ್ಯಗಾರರ ಬಿಡಿಪ್ರತಿಗಳಲ್ಲಿ ಈ ವಿಷಯಕ್ಕೊಂದು ಹಳೆಯ ಪದವಿದೆ. ವಾದ್ಯವು ಪಾಲುಗೊಳ್ಳದ ಭಾಗದಲ್ಲಿ ‘ತಾಚೆತ್’ ಎಂದು ಅಚ್ಚು ಹಾಕುತ್ತಾರೆ. ಮೌನವಾಗಿದೆ ಎಂಬುದು ಆ ಲತೀನ್ ಕ್ರಿಯಾಪದದ ಅರ್ಥ. ಗೈರುಹಾಜರಿ ಅದರ ಅರ್ಥವಲ್ಲ. ಪಿಟೀಲುಗಾರನು ಎದ್ದುಹೋಗುವುದಿಲ್ಲ. ಕಮಾನನ್ನು ಇಳಿಸಿ, ಕುಳಿತಲ್ಲಿಯೇ ಆ ಕೂಗನ್ನು ಕೇಳಬೇಕಾಗುತ್ತದೆ. ಪೂರ್ಣ ಸ್ವರಲಿಪಿಯ ಪುಟವೂ ಈ ಒಂದು ಕಡೆಯಲ್ಲಿ ತಂತಿಗಳ ಸಾಲುಗಳನ್ನು ಉಳಿಸಿಕೊಂಡು, ವಿರಾಮಚಿಹ್ನೆಗಳನ್ನು ಮುದ್ರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕು ಪುಟ ತಿರುವುವುದರದು. ಬಿಡಿಪ್ರತಿಗಳಲ್ಲಿ ವಿರಾಮವಿರುವ ಕಡೆಯಲ್ಲಿ ಪುಟ ಮುಗಿಸಬೇಕೆಂಬುದು ಎಲ್ಲರೂ ಮೆಚ್ಚುವ ನಿಯಮ. ಎರಡೂ ಕೈಗಳಿಗೆ ಕೆಲಸವಿರುವಾಗ ಯಾರು ತಾನೇ ಪುಟ ತಿರುವಿಯಾರು? ಈ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಿದರೆ, ತಂತಿಗಳಿಗೆ ಬಿಡುವಿರುವ ಈ ಸ್ಥಳವೇ ಪುಟ ತಿರುವಲು ಅತ್ಯಂತ ಅನುಕೂಲವೆಂದು ತೋರುವುದು. ಪರಿಣಾಮವಾಗಿ ಕೈಬಿಡಲ್ಪಟ್ಟವನ ಕೂಗಿನ ಮೇಲೆ ಹಲವು ಕಾಗದಗಳ ಸರಸರ ಸದ್ದು ಬೀಳುವುದು. ನಿಯಮವನ್ನು ಬಲ್ಲ ಸಂಪಾದಕನು ಬೇಕು; ಅದನ್ನು ಎಲ್ಲಿ ಬಿಡಬೇಕೆಂಬುದನ್ನೂ ಬಲ್ಲ ಸಂಪಾದಕನು ಇಲ್ಲಿಗೆ ಬೇಕು. ಅದಕ್ಕೆ ಅವನು ಸಂಗೀತದೊಂದಿಗೆ ವಾಕ್ಯವನ್ನೂ ಓದಿರಬೇಕು.

ನಮ್ಮ ಸಭೆಗಳಲ್ಲಿ ವಾದ್ಯವೃಂದಗಳು ವಿರಳ, ಆದುದರಿಂದ ಈ ಚರ್ಚೆ ನಮಗೇಕೆಂದು ಕೇಳುವವರಿರಬಹುದು. ಶುಭ ಶುಕ್ರವಾರದ ಆರಾಧನಾಕ್ರಮವನ್ನು ಒಂದೇ ಹಾಳೆಯಲ್ಲಿ ಅಡಕಮಾಡಲು ಕುಳಿತ ಸಭಾಪಾಲಕನ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ. ಜಾಗ ಸಾಲದಾದಾಗ ಮೊದಲು ಹೋಗುವುದು ‘ಮೌನ’ ಎಂದು ಬರೆದ ಸಾಲು, ಏಕೆಂದರೆ ಅದರಲ್ಲಿ ಓದುವಂಥದ್ದು, ಹಾಡುವಂಥದ್ದು ಏನೂ ಇಲ್ಲ. ಅದನ್ನು ಅಳಿಸಿದ ಮೇಲೆ ಜನರು ಒಂದು ಗೀತದಿಂದ ಇನ್ನೊಂದು ಗೀತಕ್ಕೆ ತಡೆಯಿಲ್ಲದೆ ಸಾಗುವರು, ಆ ಕೂಗಿಗೆ ಕಿವಿಗೊಡುವ ಕ್ಷಣವೊಂದು ಅವರಿಗೆ ದೊರೆಯುವುದಿಲ್ಲ. ಹಾಳೆ ಸಾಲದಿದ್ದರೆ ಒಂದು ಚರಣವನ್ನು ಕಡಿಮೆಮಾಡಿರಿ; ಆ ಸಾಲನ್ನು ಉಳಿಸಿರಿ.