ಕಿನ್ನರನ ಕೊಡಲಿ

ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಕಿನ್ನರಿಯರ ಚಿತ್ರವೆಂದರೆ ಜನ ಮುಗಿಬೀಳುತ್ತಿದ್ದರು. ಕಥೆಗೆ ಷೇಕ್ಸ್‌ಪಿಯರ್ ಇದ್ದ, ಸಣ್ಣ ಸಣ್ಣ ವಿವರಗಳನ್ನು ಹುಡುಕಿ ನೋಡುವ ಕಣ್ಣುಗಳೂ ಇದ್ದವು. ಸ್ಕಾಟ್ಲೆಂಡಿನ ಜೋಸೆಫ್ ನೋಯೆಲ್ ಪೇಟನ್ 1849ರಲ್ಲಿ ಬರೆದ, ಷೇಕ್ಸ್‌ಪಿಯರ್‌ನ ಕಿನ್ನರ ದೊರೆ ಓಬೆರಾನ್ ಮತ್ತು ರಾಣಿ ಟೈಟಾನಿಯಾರ ಜಗಳದ ಚಿತ್ರದಲ್ಲಿ ‘ಆಲಿಸ್’ ಕಥೆಗಳ ಲೂಯಿಸ್ ಕ್ಯಾರೊಲ್ 165 ಕಿನ್ನರರನ್ನು ಎಣಿಸಿದ್ದ!

ಆದರೂ ನನ್ನ ಮನಸ್ಸು ಹಿಡಿದಿರುವುದು ರಿಚರ್ಡ್ ಡ್ಯಾಡ್‌ನ ‘ದಿ ಫೇರಿ ಫೆಲ್ಲರ್ಸ್ ಮಾಸ್ಟರ್ ಸ್ಟ್ರೋಕ್’. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಇದರ ಎತ್ತರ 54 ಸೆಂ.ಮೀ., ಅಗಲ ಇನ್ನೂ ಕಡಿಮೆ. ಇಷ್ಟಕ್ಕೆ 1855ರಿಂದ 1864ರವರೆಗೆ ಡ್ಯಾಡ್ ಕೈಯಾಡಿಸಿದ. ಕೆಲಸ ನಡೆದದ್ದು ಬೆತ್ಲೆಮ್ ಮಾನಸಿಕ ಆಸ್ಪತ್ರೆಯೊಳಗೆ, ಅಲ್ಲಿನ ಮೇಲ್ವಿಚಾರಕ ಹೇಡನ್‌ಗಾಗಿ. ಈಜಿಪ್ಟ್ ಪ್ರವಾಸದಲ್ಲಿ ಬುದ್ಧಿ ಕದಡಿ, 1843ರಲ್ಲಿ ತಂದೆಯನ್ನೇ ಕೊಂದ ಡ್ಯಾಡ್, 1886ರಲ್ಲಿ ಸಾಯುವವರೆಗೂ ಬಂಧನದಲ್ಲೇ ಇದ್ದ.

ಚಿತ್ರಕ್ಕೆ ಮುಖವಿಟ್ಟರೆ ಮೊದಲು ಅಡ್ಡ ಬರುವುದು ಹುಲ್ಲಿನ ಎಸಳುಗಳು. ನೆಲಕ್ಕೆ ಕೆನ್ನೆಯೂರಿ ಪೊದೆಯೊಳಗೆ ಇಣುಕಬೇಕು, ಆಗಲೇ ಒಳಗಿನ ಸಂತೆ ಕಾಣುವುದು. ಡೇಸಿ ಹೂಗಳನ್ನು ಬಣ್ಣದ ಮೇಲೆ ಬಣ್ಣವೇರಿಸಿ ಉಬ್ಬಿಸಿದ್ದಾನೆ. ಎಡಗಡೆ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಉದ್ದನೆಯ ಕಹಳೆ ಊದುತ್ತಿದೆ. ಮುಂಭಾಗದಲ್ಲಿ ನಮಗೆ ಬೆನ್ನು ಮಾಡಿ ನಿಂತ ಕಿನ್ನರನೊಬ್ಬ ಎರಡೂ ಕೈಯಲ್ಲಿ ಕೊಡಲಿ ಎತ್ತಿದ್ದಾನೆ. ಮುಂದಿರುವ ಕಾಯಿಯನ್ನು ಒಂದೇ ಏಟಿಗೆ ಸೀಳಬೇಕು, ಅದರಿಂದ ಮ್ಯಾಬ್ ರಾಣಿಗೆ ಹೊಸ ರಥವಾಗಬೇಕು. ನಡುವೆ ಕೂತ ಬಿಳಿಗಡ್ಡದ ಮುದುಕ ಸನ್ನೆ ಕೊಡಬೇಕಾದವನು. ಸುತ್ತಲಿನವರ ಉಸಿರು ಅಲ್ಲೇ ಬಿಗಿ ಹಿಡಿದಿದೆ. ಏಟು ಬೀಳುವ ಮುಂಚಿನ ಆ ಒಂದು ಗಳಿಗೆಯನ್ನು ಡ್ಯಾಡ್ ಒಂಬತ್ತು ವರ್ಷ ಬರೆದ!

ಕೊಡಲಿ ಕಂಡೊಡನೆ ಕೊಲೆಯನ್ನು ನೆನೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಿನ್ನರಲೋಕ ಹುಚ್ಚಿನಿಂದ ಹುಟ್ಟಿದ್ದಾಗಿದ್ದರೆ 1841ರಲ್ಲೇ, ಆರೋಗ್ಯವಾಗಿದ್ದಾಗಲೇ, ನಿದ್ರಿಸುವ ಟೈಟಾನಿಯಾಳನ್ನು ಆತ ಬರೆದದ್ದು ಹೇಗೆ? ನನಗೆ ಇಲ್ಲಿ ಕಾಣುವುದು ಕಸುಬುದಾರನ ಆತಂಕ: ಗುರಿ ತಪ್ಪಬಾರದು, ಕಾಯಿ ನುಚ್ಚಾಗಬಾರದು. ತೂಕ, ಅಳತೆ, ಕೈಯ ಹದ ಎಲ್ಲವೂ ಆ ಬೆನ್ನಿನಲ್ಲೇ ಇವೆ.

ಈ ಚಿತ್ರವನ್ನು 1963ರಲ್ಲಿ ಟೇಟ್‌ಗೆ ಕೊಟ್ಟವನು ಕವಿ ಸೀಗ್‌ಫ್ರೀಡ್ ಸಸೂನ್. ಮೊದಲ ಮಹಾಯುದ್ಧದಲ್ಲಿ ಜೊತೆಗಿದ್ದ ಡ್ಯಾಡ್ ವಂಶದ ಗೆಳೆಯ ಮತ್ತು ಆ ಯುದ್ಧದಲ್ಲಿ ಮಡಿದ ಅವನ ಇಬ್ಬರು ಸಹೋದರರ ನೆನಪಿಗಾಗಿ ಕೊಟ್ಟ.

ಡ್ಯಾಡ್ ಕೊಂದ ತಂದೆಯನ್ನು ಈ ಚಿತ್ರದಲ್ಲಿ ಹುಡುಕಲೇಬೇಕೆಂದರೆ ಕೊಡಲಿಯ ಹತ್ತಿರ ಬೇಡ, ಮೇಲಿನ ಸಾಲಿಗೆ ಕಣ್ಣು ಹಾಯಿಸಿ. ಸಿಪಾಯಿ, ನಾವಿಕ, ದರ್ಜಿಗಳ ಜೊತೆ ಅಲ್ಲೊಬ್ಬ ಔಷಧಿ ಮಾಡುವವನಿದ್ದಾನೆ. ಡ್ಯಾಡ್‌ನ ತಂದೆಯದೂ ಅದೇ ಕಸುಬು; ಇದು ಆತನದೇ ಮುಖವಿರಬೇಕು ಎಂದು ಬಲ್ಲವರು ಊಹಿಸುತ್ತಾರೆ. ಕುಟ್ಟಾಣಿ ಹಿಡಿದು ಆತ ತನ್ನ ಪಾಡಿಗೆ ಮದ್ದು ಅರೆಯುತ್ತಿದ್ದಾನೆ.