ಮೂರು ಗಂಟೆಗೆ ಎಂಟು ತಿಂಡಿ

ಬೆಂಗಳೂರಿನ ಭಾನುವಾರದ ಅಡುಗೆ ಕ್ಲಾಸುಗಳ ಜಾಹೀರಾತು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಮೂರು ಗಂಟೆ, ಎಂಟು ತಿಂಡಿ, ಅಚ್ಚು ಹಾಕಿಸಿದ ರೆಸಿಪಿ, ಕೊನೆಗೊಂದು ಸರ್ಟಿಫಿಕೇಟು. ಆ ಎಂಟನ್ನೇ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ನನಗೆ ಅನುಮಾನ ಹುಟ್ಟುವುದೂ ಅಲ್ಲೇ.

ಅಷ್ಟು ಹೊತ್ತಿನಲ್ಲಿ ಅಷ್ಟೆಲ್ಲ ಆಗಬೇಕಾದರೆ ಕಾಯುವ ಕೆಲಸ ಮೊದಲೇ ಮುಗಿದಿರಬೇಕು. ದೋಸೆ ಹಿಟ್ಟು ಹುದುಗಿಕೊಂಡೇ ಬರುತ್ತದೆ, ಹೋಳಿಗೆಯ ಕಣಕ ಎಣ್ಣೆಯಲ್ಲಿ ನೆನೆದೇ ಕೂತಿರುತ್ತದೆ. ಮನೆಯಲ್ಲಿ ನಾವು ಸೋಲುವುದು ಸರಿಯಾಗಿ ಈ ಹಂತದಲ್ಲಿ. ಡಿಸೆಂಬರಿನ ಬೆಂಗಳೂರಲ್ಲಿ ಬೆಳಗಾದರೂ ಹಿಟ್ಟು ಏಳುವುದಿಲ್ಲ. ಏಪ್ರಿಲಿನ ಮಂಗಳೂರಲ್ಲಿ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಕಣಕದ ಗ್ಲೂಟನ್ ಸಡಿಲವಾಗಲು ಹೊತ್ತು ಕೊಡದಿದ್ದರೆ ಲಟ್ಟಿಸಿದಷ್ಟೂ ಕುಗ್ಗುತ್ತದೆ, ಹರಿದು ಹೂರಣ ಹೊರಗೆ ಬರುತ್ತದೆ. ಕ್ಲಾಸಿನಲ್ಲಿ ಕಂಡ ಹೋಳಿಗೆ ಮಾತ್ರ ಎಲೆಯಷ್ಟು ತೆಳ್ಳಗೆ.

ಬರಿಯ ರೆಸಿಪಿಗೆ ದುಡ್ಡು ಕೊಡಬೇಕಾಗಿಲ್ಲ. 16ನೆಯ ಶತಮಾನದಲ್ಲೇ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದಿಟ್ಟ, ಈಗಂತೂ ಫೋನು ತೆರೆದರೆ ಸಾಕು. ಕಾಗದ ಕಲಿಸಲಾಗದ್ದು ಬೇರೆ ಇದೆ. ಮೈಸೂರುಪಾಕನ್ನೇ ನೋಡಿ. ಸಕ್ಕರೆ ಪಾಕ ಒಂದೆಳೆಗೆ ಬಂದಿತೇ ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡಬೇಕು. ಕಡಲೆಹಿಟ್ಟು ಗಂಟಾಗದಂತೆ ಉದುರಿಸಬೇಕು, ಬಿಸಿ ತುಪ್ಪವನ್ನು ಸ್ವಲ್ಪಸ್ವಲ್ಪವೇ ಹೊಯ್ಯಬೇಕು. ನೊರೆಯೆದ್ದು ಬಾಣಲೆ ಬಿಡುವ ಗಳಿಗೆ ತಪ್ಪಿದರೆ ಕಲ್ಲು, ಅವಸರಪಟ್ಟರೆ ಮುದ್ದೆ. ಇದನ್ನು ಎದುರು ಕುರ್ಚಿಯಲ್ಲಿ ಕೂತು ಕಲಿಯಲಾಗದು. ಸಟ್ಟುಗ ನಿಮ್ಮ ಕೈಯಲ್ಲಿರಬೇಕು, ಪಕ್ಕದಲ್ಲಿ ನಿಂತ ಟೀಚರ್ “ಇನ್ನೂ ಇಲ್ಲ, ಇನ್ನೂ ಇಲ್ಲ... ಹಾಂ, ಈಗ ಇಳಿಸಿ” ಅನ್ನಬೇಕು.

ಆದ್ದರಿಂದ ಸೇರುವ ಮುಂಚೆ ಒಂದು ಒಲೆಗೆ ಎಷ್ಟು ಜನ ಅಂತ ಕೇಳಿ. “ನಾವೇ ಎಲ್ಲ ಮಾಡಿ ತೋರಿಸ್ತೀವಿ ಮೇಡಂ, ನೀವು ಆರಾಮಾಗಿ ಕೂತ್ಕೊಳ್ಳಿ” ಎಂದರೆ ನಯವಾಗಿ ಜಾರಿಕೊಳ್ಳಿ. ಕೂತು ತಿನ್ನುವುದಕ್ಕೆ ಹೋಟೆಲೇ ಅಗ್ಗ.

ಈ ದೃಷ್ಟಿಯಿಂದ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ನಡೆಸುವ ಬೇಕರಿ ತರಬೇತಿಯಂಥ ವಾರಗಟ್ಟಲೆಯ ಕೋರ್ಸೇ ಮೇಲು. ಇವತ್ತು ಬ್ರೆಡ್ಡು ಉಬ್ಬದಿದ್ದರೆ ನಾಳೆ ಮತ್ತೆ ನಾದಬಹುದು. ಕೆಲಸಕ್ಕೆ ಹೋಗುವವರಿಗೆ ಅಷ್ಟು ಬಿಡುವಿಲ್ಲ, ನಿಜ. ಅಂಥವರು ಒಂದೋ ಎರಡೋ ತಿಂಡಿಯನ್ನಷ್ಟೇ ಕಲಿಸುವ ಸಣ್ಣ ಕ್ಲಾಸು ಹುಡುಕಬೇಕು. ಸರ್ಟಿಫಿಕೇಟಿಗೆ ಮರುಳಾಗುವುದು ಬೇಡ; ಮನೆಯಲ್ಲಿ ಮಾಡಿ ಮಾರುವವರಿಗೆ ಅದು ಎಫ್‌ಎಸ್‌ಎಸ್‌ಎಐ ನೋಂದಣಿಯ ಬದಲಿಗೆ ಬರುವುದಿಲ್ಲ.

ಕಲಿತದ್ದನ್ನು ಅದೇ ವಾರ ನಿಮ್ಮ ಒಲೆಯ ಮೇಲೆ ಮಾಡಿ. ಅಲ್ಲಿನ ದೊಡ್ಡ ಬರ್ನರಿನ ಉರಿ ಮನೆಯಲ್ಲಿ ಇರುವುದಿಲ್ಲ, ಹಾಗಾಗಿ ನಿಮಿಷಗಳ ಲೆಕ್ಕಕ್ಕಿಂತ ಬಣ್ಣ, ವಾಸನೆ, ಸದ್ದುಗಳನ್ನು ಬರೆದುಕೊಂಡು ಬಂದಿರಬೇಕು. ಕೆಟ್ಟರೆ ಎಸೆಯಬೇಡಿ, ಡಬ್ಬಿಯಲ್ಲಿ ಒಯ್ದು ತೋರಿಸಿ. ಮುರಿದು, ಬಾಯಿಗೆ ಹಾಕಿಕೊಂಡು, ಎಲ್ಲಿ ತಪ್ಪಿತೆಂದು ಹೇಳುವ ಟೀಚರ್ ಆದರೆ ಮುಂದಿನ ಕ್ಲಾಸಿಗೂ ಹಣ ಕಟ್ಟಬಹುದು.