ಸರಿದೂಗಿಸುವುದು: ಗಡಿನಾಡಿನ ವಿಜ್ಞಾನ ಪಾಠದಲ್ಲಿ ಕಾಣದಾದ ತಕ್ಕಡಿ

ಇವತ್ತು ನಾನು ವಿಮರ್ಶೆಗೆ ತಗೊಂಡಿರೋದು ಹತ್ತನೇ ತರಗತಿಯ ಒಂದೇ ಒಂದು ಪಾಠ: ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಅದನ್ನು ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕಡೆಯಿಂದ ನೋಡೋಣ ಅಂತ.

ಈ ಊರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಗದ್ವಾಲವಂತೂ ಆಲಂಪುರದ ಜೊತೆಗೆ ರಾಯಚೂರು ಜಿಲ್ಲೆಯದೇ ತಾಲ್ಲೂಕು. ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕು ಆಂಧ್ರಕ್ಕೆ ಹೋದವು. ಹಾಗಾಗಿ ಮನೆಯಲ್ಲಿ ಒಂದೇ ಥರದ ಕನ್ನಡ ಆಡುವ ಮಕ್ಕಳು ಅದೇ ರಸಾಯನಶಾಸ್ತ್ರವನ್ನು ಬೇರೆ ಬೇರೆ ಪದಗಳಲ್ಲಿ ಕೇಳ್ತಾರೆ. ರಾಯಚೂರಿನ ಪುಸ್ತಕ ‘ಪ್ರತಿವರ್ತಕ’, ‘ಉತ್ಪನ್ನ’ ಅನ್ನುತ್ತದೆ. ತೆಲುಗಿನಲ್ಲಿ ಅವು ‘ಕ್ರಿಯಾಜನಕ’, ‘ಕ್ರಿಯಾಜನ್ಯ’. ‘ಅಪಕರ್ಷಣ’ ಅಲ್ಲಿ ‘ಕ್ಷಯಕರಣ’ ಆಗುತ್ತದೆ. ಕನ್ನಡದ ಕಿವಿಗೆ ಕ್ಷಯ ಅಂದ್ರೆ ಮೊದಲು ಕಾಯಿಲೆಯೇ ನೆನಪಾಗೋದು.

ಗಡಿನಾಡಿನ ಚರ್ಚೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ: ಪದಗಳ ಗೊಂದಲ, ಅದಕ್ಕೇ ಮಕ್ಕಳಿಗೆ ತಿಳಿಯೋದಿಲ್ಲ. ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ‘ಜನಕ’ ಅಂದ್ರೆ ಹುಟ್ಟಿಸುವುದು, ‘ಜನ್ಯ’ ಅಂದ್ರೆ ಹುಟ್ಟಿದ್ದು. ಬಿಡಿಸಿ ಹೇಳಿದರೆ ‘ಪ್ರತಿವರ್ತಕ’ಕ್ಕಿಂತ ಇದೇ ಹೆಚ್ಚು ಹೇಳುವ ಪದ. ಪಾಠದ ನಡುಗಂಬವಾದ ಪದಕ್ಕೆ ಬನ್ನಿ. ಕನ್ನಡದ ‘ಸರಿದೂಗಿಸು’ ಅಂದ್ರೆ ಸರಿಯಾಗಿ ತೂಗಿಸು. ತೆಲುಗಿನವರು ಬಳಸುವ ‘ತುಲ್ಯ’ದ ಮೂಲ ತುಲಾ, ಅಂದ್ರೆ ತಕ್ಕಡಿ. ಇಂಗ್ಲಿಷಿನ ‘ಬ್ಯಾಲೆನ್ಸ್’ ಕೂಡ ಲ್ಯಾಟಿನ್ನಿನ ಎರಡು ತಟ್ಟೆಯ ತಕ್ಕಡಿಯಿಂದಲೇ ಬಂದದ್ದು. ಮೂರು ಭಾಷೆಯೂ ಒಂದೇ ವಸ್ತುವನ್ನು ತೋರಿಸುತ್ತಿವೆ. ಆ ವಸ್ತು ಮಾತ್ರ ಪಾಠದಲ್ಲಿಲ್ಲ!

ಎನ್‌ಸಿಇಆರ್‌ಟಿ ಪಠ್ಯ ಕೊಡುವ ಉದಾಹರಣೆ ನೋಡಿ: ಕಬ್ಬಿಣ ಮತ್ತು ನೀರಿನ ಹಬೆ ಸೇರಿ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಆಗುತ್ತದೆ. ಪ್ರತಿ ಸೂತ್ರದ ಸುತ್ತ ಚೌಕ ಹಾಕಿ, ಚೌಕದೊಳಗೆ ಏನನ್ನೂ ಮುಟ್ಟಬೇಡಿ, ಹೊರಗೆ ಅಂಕಿ ಹಾಕುತ್ತಾ ಪರಮಾಣುಗಳನ್ನು ಎಣಿಸಿ ಅನ್ನುತ್ತದೆ. ಕೊನೆಗೆ 3 ಕಬ್ಬಿಣ, 4 ನೀರು. ಆಚೆ 1 ಆಕ್ಸೈಡ್, 4 ಹೈಡ್ರೋಜನ್. ಲೆಕ್ಕ ಸರಿ. ಆದರೆ ಮಗು ಕೇಳಬಹುದು: “ಸರ್, ಈ ಕಡೆ ಏಳು, ಆ ಕಡೆ ಐದು. ಸರಿಯಾಗಿದ್ದು ಏನು?”

ಉತ್ತರ ತಕ್ಕಡಿಯಲ್ಲಿದೆ. 3 ಕಬ್ಬಿಣಕ್ಕೆ 168 ಗ್ರಾಂ, 4 ನೀರಿಗೆ 72 ಗ್ರಾಂ, ಒಟ್ಟು 240. ಆಚೆ ಆಕ್ಸೈಡ್ 232, ಹೈಡ್ರೋಜನ್ 8, ಮತ್ತೆ 240. ಕಣಗಳ ಗುಂಪು ಏಳರಿಂದ ಐದಾಯಿತು, ತೂಕ ಕದಲಲಿಲ್ಲ. 1789ರ ತನ್ನ ಗ್ರಂಥದಲ್ಲಿ ಲವಾಸಿಯೆ ಹೇಳಿದ್ದು ಇದನ್ನೇ. ಅವನು ಅದನ್ನು ಕಂಡುಕೊಂಡದ್ದು ತೂಗಿ ನೋಡಿ. ಪಠ್ಯದಲ್ಲಿ ಆ ತೂಗುವ ಚಟುವಟಿಕೆ ಒಂಬತ್ತನೇ ತರಗತಿಯಲ್ಲೇ ಮುಗಿದುಹೋಗುತ್ತದೆ. ಹತ್ತನೆಯದರಲ್ಲಿ ಅದು ‘ನೆನಪಿಸಿಕೊಳ್ಳಿ’ ಅನ್ನುವ ಒಂದು ಮಾತಾಗಿ ಉಳಿಯುತ್ತದೆ.

ಇದರಿಂದ ಆಗುವ ನಷ್ಟ ಎರಡು. ಒಂದು, ಚೌಕದೊಳಗೆ ಯಾಕೆ ಮುಟ್ಟಬಾರದು ಅನ್ನೋದು ಬರೀ ನಿಯಮವಾಗಿ ಕೂಡುತ್ತದೆ. ‘ಎಚ್ ಟೂ ಓ’ಗೆ ಇನ್ನೊಂದು ಆಮ್ಲಜನಕ ಸೇರಿಸಿ ‘ಎಚ್ ಟೂ ಓ ಟೂ’ ಅಂತ ಬರೆದರೆ ಲೆಕ್ಕ ಕೂಡಬಹುದು. ಆದರೆ ಅದು ನೀರಲ್ಲ, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್. ಎರಡು, ಕೂಡಿದ್ದೆಲ್ಲ ನಡೆಯುತ್ತದೆ ಅನ್ನುವ ಭ್ರಮೆ. ಸತು ಮತ್ತು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದ ಸಮೀಕರಣದಲ್ಲಿ ಸತುವಿನ ಜಾಗಕ್ಕೆ ತಾಮ್ರ ಇಡಿ. ಕಾಗದದ ಮೇಲೆ ಅಷ್ಟೇ ಚೆನ್ನಾಗಿ ಸರಿದೂಗುತ್ತದೆ, ಪ್ರನಾಳದಲ್ಲಿ ಮಾತ್ರ ಏನೂ ನಡೆಯೋದಿಲ್ಲ. ಲೆಕ್ಕ ಬಲ್ಲ ಮಗುವಿಗೆ ಎರಡಕ್ಕೂ ಪೂರ್ತಿ ಅಂಕ ಸಿಗುತ್ತದೆ. ಯಾವುದು ಸುಳ್ಳು ಅಂತ ಅದಕ್ಕೆ ಗೊತ್ತಾಗೋದಿಲ್ಲ.

ಹಾಗಾದರೆ ಏನು ಮಾಡಬಹುದು? ಸುಣ್ಣ ತಗೊಳ್ಳಿ. ಪಠ್ಯದಲ್ಲೂ ಇದೆ, ನಮ್ಮ ಗೋಡೆ ಮೇಲೂ ಇದೆ. ‘ಸುಣ್ಣ ಅರಳ್ತದ’ ಅಂತ ಈ ಕಡೆಯವರು ಅಂತಾರಲ್ಲ, ಆ ‘ಅರಳು’ ಕ್ರಿಯೆಯನ್ನೇ ಹೇಳುವ ಮಾತು: ಕಲ್ಲು ಬಿಸಿಯಾಗಿ, ಉಬ್ಬಿ, ಪುಡಿಯಾಗುತ್ತದೆ. ಶುದ್ಧ ಸುಟ್ಟ ಸುಣ್ಣ 56 ಗ್ರಾಂ ಇದ್ದರೆ 18 ಗ್ರಾಂ ನೀರು ಹಿಡಿದು 74 ಗ್ರಾಂ ಅರಳಿದ ಸುಣ್ಣ ಆಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ತಗೊಂಡು, 18 ಗ್ರಾಂ ನೀರು ಬಿಟ್ಟು, 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಶಿಕ್ಷಕರು ತಾವೇ ಕಣ್ಣಿಗೆ ರಕ್ಷಣೆ ಹಾಕಿಕೊಂಡು, ಮಕ್ಕಳನ್ನು ದೂರ ಕೂರಿಸಿ, ಮೊದಲ ಹಂತವನ್ನು ತೂಗಿ ತೋರಿಸಲಿ. ತೂಕ ಸ್ವಲ್ಪ ಕಡಿಮೆಯೇ ಬರುತ್ತದೆ, ಯಾಕಂದ್ರೆ ಹಬೆ ಹಾರಿರುತ್ತದೆ. ಆ ಕಡಿಮೆ ಬಂದದ್ದು ಎಲ್ಲಿಗೆ ಹೋಯ್ತು ಅಂತ ಮಗು ಕೇಳಿದರೆ ಪಾಠ ಅಲ್ಲಿಂದ ಶುರುವಾಗುತ್ತದೆ.

ತೆಲಂಗಾಣದ ಸರ್ಕಾರಿ ಶಾಲೆಗಳಿಗೆ 2022-23ರಿಂದ ಇಂಗ್ಲಿಷ್ ಮಾಧ್ಯಮ ಬಂದಿದೆ. ಗಡಿಯ ಮಗುವಿಗೆ ಇನ್ನೊಂದು ಪದಕೋಶ ಸೇರಿತು. ಪಾರಿಭಾಷಿಕ ಪದಗಳ ಜಗಳ ಇನ್ನೂ ಹೆಚ್ಚಬಹುದು. ಅದು ಬೇಡ ಅನ್ನೋದಿಲ್ಲ ನಾನು. ಆದರೆ ಯಾವ ಭಾಷೆಯ ತರಗತಿಯೇ ಆಗಲಿ, ‘ಸರಿಯಾಗಿದ್ದು ಏನು?’ ಅನ್ನುವ ಪ್ರಶ್ನೆಗೆ ಮಗು ತೂಕ ತೋರಿಸಿ ಉತ್ತರ ಕೊಡಬಲ್ಲದೇ ಅನ್ನೋದನ್ನ ನಾವು ಮೊದಲು ನೋಡಬೇಕು. ಇಷ್ಟು ಹೇಳಿ ಚರ್ಚೆಗೆ ಬಿಡುತ್ತೇನೆ.